ಮೂರು ಗೇರಿನ ಮರ್ಯಾದೆ

ನಮ್ಮನೆಯವರ ಎರಡು ಕಣ್ಣೂ ಚೆನ್ನಾಗಿವೆ, ಕನ್ನಡಕ ಕೂಡ ಇಲ್ಲ. ಆದರೂ ಹಳೇ ಕಾರಿನ ಹೊಟ್ಟೆಯಡಿ ಅಂಗಾತ ಮಲಗಿ ನಾಲ್ಕು ಅಂಕಿ ಓದಲು ಈ ಮಹಾನುಭಾವರಿಗೆ ಟಾರ್ಚು, ಭೂತಗನ್ನಡಿ, ಸೀಮೆಸುಣ್ಣ, ಸೀಮೆಎಣ್ಣೆ, ಹಲ್ಲುಜ್ಜುವ ಬ್ರಶ್ಶು ಎಲ್ಲ ಬೇಕಾಯಿತು. ಬ್ರಶ್ಶು ನನ್ನದು.

ಕಾರು ಮಾವನದು. ಹೊಲಿಗೆ ಯಂತ್ರಗಳನ್ನು ಹಿಂದಿನ ಸೀಟಿಗೆ ತುಂಬಿಕೊಂಡು ಊರೂರು ಸುತ್ತಿ ಮಾರಿದವರು ಅವರು. ಈಗ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದೂ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿಬಿಟ್ಟಿದ್ದರು. ಮನೆಗೆ ಬಂದ ಮಾವ ನನ್ನನ್ನು ಕರೆದು ಒಂದೇ ಮಾತು ಕೇಳಿದರು.

"ಕಣ್ಣು ಕಾಣ್ತಿರೋವಾಗ್ಲೇ ಒಂದ್ಸಲ ನನ್ನ ಕಾರು ಓಡಿಸ್ಬೇಕಮ್ಮಾ. ರಸ್ತೆಗೆಲ್ಲ ಬೇಡ. ಈ ಅಂಗಳದಲ್ಲೇ, ಗೇಟಿನ ತನಕ ಸಾಕು."

ಎಂಜಿನ್ ರಿಪೇರಿ ಮಾಡಿಸಿದ್ದರೆ ಆಗಿಹೋಗುತ್ತಿತ್ತು. ಆದರೆ ನಮ್ಮನೆಯವರು ಅಷ್ಟರಲ್ಲಿ ಹಳೇ ಕಾರಿನವರ ಸಂಘ ಸೇರಿ ದೊಡ್ಡ ಮನುಷ್ಯರಾಗಿದ್ದರು. ಆ ಸಂಘದವರು ಅಪ್ಪಟ ಕಾರಿಗೆ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಕಾರ್ಖಾನೆಯಿಂದ ಹೊರಬಿದ್ದಾಗ ಯಾವ ಗೇರ್‌ಬಾಕ್ಸ್ ಇತ್ತೋ ಅದೇ ಇರಬೇಕು, ಅದರ ಮೇಲೆ ಕೊರೆದ ಸಂಖ್ಯೆ ಕಾರಿನ ಸಂಖ್ಯೆಗೆ ಹೊಂದಬೇಕು. ಅದಕ್ಕೇ ಈ ಅಂಗಾತ ಶಯನ.

"ಅದು ವ್ಯಾನಿಂದು ಕಣೋ!" ಮಾವ ಜಗಲಿಯಿಂದ ಕೂಗಿದರು. "ಮೊದಲಿದ್ದ ಮೂರು ಗೇರಿಂದು ಏರು ಹತ್ತೋವಾಗ ಏದುಸಿರು ಬಿಡ್ತಿತ್ತು. ನಾನೇ ತೆಗ್ಸಿ ವ್ಯಾನಿನ ನಾಲ್ಕು ಗೇರಿಂದು ಹಾಕ್ಸಿದೆ."

"ಅಪ್ಪಾ, ನೀವು ಸುಮ್ನಿರಿ. ನಂಬರ್ ನೋಡ್ತಾ ಇದ್ದೀನಿ."

ಹಾಕಿಸಿದ ಮನುಷ್ಯ ಹತ್ತು ಹೆಜ್ಜೆ ಆಚೆ ಕೂತು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದಾರೆ, ಇವರು ಕಬ್ಬಿಣವನ್ನು ಕೇಳುತ್ತಿದ್ದಾರೆ! ಒಳಗೆ ಕೂತು ಗೇರಿನ ಕೋಲು ಆಡಿಸಿದ್ದರೆ ಗೇರು ಮೂರೋ ನಾಲ್ಕೋ ಮಕ್ಕಳಿಗೂ ತಿಳಿಯುತ್ತಿತ್ತು. ಅದು ಸಂಘದವರ ಘನತೆಗೆ ಕಡಿಮೆ.

ಸಂಜೆ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಎದ್ದು ಬಂದರು. "ಸಿಕ್ತು! ಸಂಘದ ಪುಸ್ತಕದಲ್ಲಿರೋ ಸಂಖ್ಯೆನೇ! ಹುಟ್ಟಿದಾಗಿಂದ ಇದೇ ಇದೆ!" ಎಂದು ಕುಣಿದರು. ಸಂಘದ ಊಟದಲ್ಲಿ ಅದರ ಮೇಲೆ ಭಾಷಣವನ್ನೂ ಬಿಗಿದು ಬಂದರು. ಆಮೇಲೆ ನೋಡಿದರೆ ಈ ಪಂಡಿತರು ಓದಿದ್ದು ಉಬ್ಬಿದ ಅಂಕಿ. ಅದು ಎರಕದ ಅಚ್ಚಿನ ಸಂಖ್ಯೆ, ಕಾರಿನದಕ್ಕೂ ವ್ಯಾನಿನದಕ್ಕೂ ಹೊರಗಿನ ಚಿಪ್ಪು ಒಂದೇ ಅಚ್ಚಿನದು. ಗುರುತು ಹೇಳುವುದು ಸುತ್ತಿಗೆಯಲ್ಲಿ ಬಡಿದು ಒಳಕ್ಕೆ ಕೊರೆದ ಅಂಕಿ. ಅದು ಗ್ರೀಸಿನಡಿ ಹೂತುಹೋಗಿತ್ತು. ಮತ್ತೆ ಮಲಗಿ, ಕೆರೆದು, ಸೀಮೆಸುಣ್ಣ ತಿಕ್ಕಿ ನೋಡಿದರೆ ಏನಿದೆ? ವ್ಯಾನಿನ ಗುರುತು.

ಅಯ್ಯೋ, ಆ ರಾತ್ರಿ ಮನೆಯಲ್ಲಿ ಸೂತಕ. ಊಟ ಬೇಡ, ಮಾತು ಬೇಡ. ಭಾಷಣ ಬೇರೆ ಮಾಡಿಯಾಗಿತ್ತಲ್ಲ!

"ಇರ್ಲಿ ಬಿಡ್ರೀ. ಹೇಗಿದ್ಯೋ ಹಾಗೇ ಓಡೋ ಹಾಗೆ ಮಾಡ್ಸಿ. ಮಾವನಿಗೆ ಇನ್ನೂ ಗೇಟು ಕಾಣತ್ತೆ," ಎಂದೆ.

"ನಿಂಗಿದೆಲ್ಲ ಅರ್ಥ ಆಗಲ್ಲ."

ಕಾರು ಗ್ಯಾರೇಜಿಗೆ ಹೋಯಿತು. ಮಾವನಿಗೆ ಹೇಳಿದ್ದು ಬಣ್ಣ ಬಳಿಸುತ್ತಿದ್ದೇವೆ ಅಂತ. ಅಸಲಿಗೆ ಗುಜರಿಯಿಂದ ಮೂರು ಗೇರಿನದೊಂದನ್ನು ಹುಡುಕಿ ತಂದು, ವ್ಯಾನಿನದನ್ನು ಆ ಗುಜರಿಯವರಿಗೇ ಕೊಟ್ಟು ಬಂದಿದ್ದರು. ಅದರ ಸಂಖ್ಯೆಯನ್ನು ಉಜ್ಜಿ ಅಳಿಸಿ ನಮ್ಮ ಕಾರಿನ ಸಂಖ್ಯೆ ಬಡಿಯಬೇಕಿತ್ತು. ಅಂಕಿ ಬಡಿಯುವ ಉಳಿಗಳ ಪೆಟ್ಟಿಗೆ ಮನೆಗೇ ಬಂತು. ನನ್ನ ಅಡುಗೆಮನೆಯ ಕಲ್ಲಿನ ಮೇಲೆ ತಗಡಿಟ್ಟು ಏಳು, ಎಂಟು ಬಡಿದು ಅಭ್ಯಾಸ ಮಾಡಿದರು. ಅಂಕಿ ತಿದ್ದುವ ವಯಸ್ಸು!

"ಅಪ್ಪನ ಹತ್ರ ಬಾಯ್ಬಿಡ್ಬೇಡ," ಎಂದರು. ಸುಮ್ಮನಾದೆ. ಯಾವುದೋ ಒಂದು ಹಾಕಿ ಬೇಗ ತರಲಿ, ಮುದುಕರ ಆಸೆ ತೀರಲಿ ಎಂಬುದಷ್ಟೇ ನನಗಿದ್ದದ್ದು.

ಬೇಗ ಎಲ್ಲಿ ಬಂತು! ಕಾರು ಅಂಗಳಕ್ಕೆ ಬರುವಾಗ ಮಾವನಿಗೆ ಬೆಳಕು ನೆರಳು ಬಿಟ್ಟು ಹೆಚ್ಚೇನೂ ಕಾಣುತ್ತಿರಲಿಲ್ಲ. ಆದರೂ ಬಾನೆಟ್ಟು ಸವರಿ, ಮೂಸಿ, ಮಗುವಿನಂತೆ ನಕ್ಕರು. ಅವತ್ತೇ ಬಿಲ್ಲೆ ಹಿಡಿದುಕೊಂಡು ಸಂಘದ ಪರೀಕ್ಷಕನೂ ಬಂದಿದ್ದ. ಬೂದು ಕೋಟು, ಜೇಬಲ್ಲಿ ಸೀಮೆಸುಣ್ಣ. ಅವನೂ ಒಂದು ಸಲ ಕಾರಿನಡಿ ಮಲಗಿ ಎದ್ದು "ಅದ್ಭುತ!" ಎಂದ.

"ಗೇಟಿನ ತನಕ ತಾನೇ, ಕಣ್ಣು ಯಾಕಮ್ಮಾ? ಕೈಗೆ ಗೊತ್ತು," ಎಂದು ಮಾವ ಒಳಗೆ ಕೂತರು. ಎಂಜಿನ್ ಹತ್ತಿಕೊಂಡಿತು. ಕ್ಲಚ್ ಒತ್ತಿ, ಕೋಲನ್ನು ಎಡಕ್ಕೆಳೆದು ಮುಂದಕ್ಕೆ ತಳ್ಳಿದರು. ಎಷ್ಟು ಸರಾಗವಾಗಿ ತಳ್ಳಿದರು! ಕ್ಲಚ್ ಬಿಟ್ಟರು. ಕಾರು ಧಡಕ್ಕನೆ ಹಿಂದಕ್ಕೆ ನುಗ್ಗಿ ನನ್ನ ಹೂವಿನ ಕುಂಡಗಳನ್ನು ಪುಡಿ ಮಾಡಿ ಗೋಡೆಗೆ ಗುದ್ದಿ ನಿಂತಿತು.

"ಅಪ್ಪಾ, ಅದು ರಿವರ್ಸ್! ಒಂದನೇದು ಕೆಳಗೆ!" ಇವರು ಚೀರಿದರು.

"ಕೆಳಗಾ?" ಮಾವನ ಮುಖ ಬಿಳಿಚಿಕೊಂಡಿತು. "ಒಂದನೇದು ಮೇಲಲ್ವೇನೋ?"

"ವಯಸ್ಸಾಯ್ತು ನೋಡಿ," ಇವರು ಪರೀಕ್ಷಕನ ಕಡೆ ಹಲ್ಲು ಕಿರಿದರು.

ನನಗೆ ಆಗ ಹೊಳೆಯಿತು: ನಾಲ್ಕು ಗೇರಿನದರಲ್ಲಿ ಒಂದನೇದು ಇದ್ದ ಜಾಗದಲ್ಲೇ ಈ ಮೂರು ಗೇರಿನದರಲ್ಲಿ ರಿವರ್ಸ್ ಇತ್ತು. ಮೈಯೆಲ್ಲ ಉರಿದುಹೋಯಿತು. "ಮಾವ, ನಿಮ್ಮ ಕೈ ಸರಿಯಾಗೇ ಇದೆ. ಗೇರ್‌ಬಾಕ್ಸೇ ಬೇರೆ! ನಿಮ್ಮದನ್ನ ಗುಜರಿಗೆ ಹಾಕಿ ಇದನ್ನ ತಂದಿದ್ದಾರೆ. ಸಂಖ್ಯೆ ಇವರೇ ಕೂತು ಬಡಿದಿದ್ದು!"

ಪರೀಕ್ಷಕ ನನ್ನನ್ನು ಕನಿಕರದಿಂದ ನೋಡಿದ. "ಸಂಖ್ಯೆ ಹೊಂದುತ್ತಲ್ಲಮ್ಮಾ. ನಾನೇ ನೋಡಿದ್ದೀನಿ."

ಮಾವ ಮಗನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಹೌದೇನೋ? ಬದಲಾಯ್ಸಿದ್ಯಾ? ಹೇಳು ಮಗಾ, ನಾನೇನೂ ಅನ್ನಲ್ಲ."

ಇವರು ಪರೀಕ್ಷಕನ ಕೈಯಲ್ಲಿದ್ದ ಬಿಲ್ಲೆ ನೋಡಿದರು. ಆಮೇಲೆ ನೆಲ ನೋಡಿದರು.

"ಇಲ್ಲಪ್ಪಾ. ಮೊದಲಿಂದ ಇದ್ದಿದ್ದು ಇದೇ."

ಥೂ ಎಂದು ಉಗಿಯಬೇಕೆನಿಸಿತು. ಇಂಥವನ ಜೊತೆ ಇಷ್ಟು ವರ್ಷ ಬಾಳಿದೆನಲ್ಲ ಎಂದು ನನ್ನ ಮೇಲೆಯೇ ಅಸಹ್ಯ ಬಂತು. ನಾನು ಬಾಗಿಲು ತೆರೆದು ಮಾವನ ತೋಳು ಹಿಡಿದುಕೊಂಡೆ. "ಇವರು ಸುಳ್ಳು ಹೇಳ್ತಿದ್ದಾರೆ ಮಾವ. ನನ್ನಾಣೆಗೂ ಸುಳ್ಳು."

ಅವರು ನನ್ನ ಕೈ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದರು. "ನನ್ನ ಸಮಾಧಾನಕ್ಕೆ ಅವನ ಜೊತೆ ಜಗಳ ಆಡ್ಬೇಡಮ್ಮಾ. ಕಣ್ಣೊಂದೇ ಹೋಯ್ತು ಅಂದ್ಕೊಂಡಿದ್ದೆ, ತಲೆನೂ ಹೋಗಿದೆ. ವ್ಯಾನಿಂದು ಹಾಕ್ಸಿದ್ದೆ ಅಂತಿದ್ದೆನಲ್ಲ, ಅದೂ ನಾನೇ ಕಟ್ಟಿಕೊಂಡ ಕತೆ ಇರ್ಬೇಕು."