ಏರದ ರಕ್ತ

"ಹಿಮೋಗ್ಲೋಬಿನ್ ಏಳು ಪಾಯಿಂಟ್ ನಾಲ್ಕು," ಎಂದಳು ನರ್ಸ್ ನೆಕೇಸಾ. "ಹೋದ ತಿಂಗಳು ಏಳು ಪಾಯಿಂಟ್ ಒಂಬತ್ತಿತ್ತು. ಇಳಿದಿದೆ."

ಅಡೊಯೋ ಕುರ್ಚಿಯ ತುದಿಗೆ ಸರಿದು ಕೂತಳು. "ಸಿಸ್ಟರ್, ಆ ಯಂತ್ರಾನ ಒಂದ್ಸಲ ಒರೆಸಿ ನೋಡಿ. ಏರ್ಲಿಲ್ಲ ಅಂದ್ರೆ ಒಪ್ಕೋತೀನಿ. ಇಳಿಯೋದು ಅಂದ್ರೇನು? ನಾನೇನು ಇವಳಿಗೆ ಗಾಳಿ ಬಡಿಸ್ತಿದ್ದೀನಾ?"

ಪಕ್ಕದಲ್ಲಿ ಅವಳ ಸೊಸೆ ನೆರಿಯಾ ಚುಚ್ಚಿದ ಬೆರಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದಳು. ಆರು ತಿಂಗಳ ಹೊಟ್ಟೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪೆನ್ನುವುದೇ ಇಲ್ಲ, ಒಗೆದು ಹಿಂಡಿದ ಬಟ್ಟೆಯ ಬಿಳುಪು.

ಸರೋವರದ ದಡದ ಆ ಊರಿನಲ್ಲಿ ಅಡೊಯೋಳ ಅಡುಗೆಯ ಬಗ್ಗೆ ಎರಡು ಮಾತಿರಲಿಲ್ಲ. ದೋಣಿಗಳು ಬಂದು ನಿಲ್ಲುವ ಕಡೆ ತಗಡಿನ ಚಪ್ಪರ ಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಬೆಸ್ತರಿಗೆ ಊಟ ಹಾಕುತ್ತಿದ್ದಳು. ಅವಳ ಉಗಾಲಿ ಮುದ್ದೆ ತಿಂದವನು ಸಂಜೆಯವರೆಗೆ ಬಲೆ ಎಳೆಯಬಲ್ಲ ಎಂದು ಗಂಡಸರು ಹೇಳುತ್ತಿದ್ದರು. ಅಂಥವಳ ಮನೆಯ ಸೊಸೆಗೆ ಮೈಯಲ್ಲಿ ರಕ್ತವಿಲ್ಲ ಎಂದರೆ ಯಾರೆದುರು ಹೇಳಿಕೊಳ್ಳುವುದು? ಅವಮಾನದ ಅಡಿಯಲ್ಲಿ ಭಯವೂ ಇತ್ತು. ಎರಡು ವರ್ಷದ ಹಿಂದೆ ಮೊದಲ ಹೆರಿಗೆಯಲ್ಲಿ ನೆರಿಯಾಳ ರಕ್ತ ನಿಲ್ಲದೆ ಹೋಗಿ, ಮಗು ಉಳಿಯಲಿಲ್ಲ. ಅವಳು ಉಳಿದದ್ದೇ ಹೆಚ್ಚು. ಇನ್ನೊಮ್ಮೆ ಹಾಗಾದರೆ ಇಷ್ಟು ರಕ್ತದಲ್ಲಿ ತಡೆದುಕೊಳ್ಳುವುದಿಲ್ಲ ಎಂದು ನೆಕೇಸಾ ಮೊದಲ ಭೇಟಿಯಲ್ಲೇ ಹೇಳಿಬಿಟ್ಟಿದ್ದಳು.

"ಗುಳಿಗೆ ತಗೋತಿದ್ದೀಯಾ?" ನರ್ಸ್ ನೆರಿಯಾಳನ್ನು ಕೇಳಿದಳು.

"ತಗೋತಾಳೆ. ನನ್ನ ಕಣ್ಣೆದುರಿಗೇ ನುಂಗಿಸ್ತೀನಿ," ಎಂದಳು ಅಡೊಯೋ.

"ಊಟದ ಜೊತೆ ಚಹಾ?"

"ನಿಲ್ಸಿದ್ದೀನಿ. ಮನೇಲಿ ಯಾರಿಗೂ ಇಲ್ಲ."

"ಮಣ್ಣು ತಿನ್ನೋ ಅಭ್ಯಾಸ ಏನಾದ್ರೂ?"

"ಏನ್ ಸಿಸ್ಟರ್ ನೀವು. ಒಲೆ ಹಚ್ಚೋಕೆ ಗತಿಯಿಲ್ಲದೋರು ತಿಂತಾರೆ ಮಣ್ಣು. ನಮ್ಮ ಮನೇಲಿ ಅದೆಲ್ಲ ಇಲ್ಲ."

ನೆರಿಯಾ ಅತ್ತೆಯ ಮಾತಿಗೆ ಹೌದೆಂಬಂತೆ ತಲೆಯಾಡಿಸಿದಳು. ನೆಕೇಸಾ ಏನೋ ಬರೆದುಕೊಂಡು, ಗೋಡೆಯ ಮೇಲಿನ ಬಣ್ಣದ ಚಿತ್ರಪಟ ತೋರಿಸಿದಳು: ಒಣಮೀನು, ದಂಟಿನ ಸೊಪ್ಪು, ಅಲಸಂದೆ, ಎಳ್ಳು. ಎಲ್ಲವೂ ಅಡೊಯೋಳ ಅಡುಗೆಮನೆಯಲ್ಲಿ ಇದ್ದವೇ. ಕೊನೆಗೊಂದು ಹೊಸದಿತ್ತು, ನುಗ್ಗೆಸೊಪ್ಪಿನ ಪುಡಿ. ಸಂತೆಯಲ್ಲಿ ಪೊಟ್ಟಣ ಸಿಗುತ್ತದೆ, ಯಾವುದಕ್ಕೆ ಬೇಕಾದರೂ ಒಂದು ಚಮಚ ಬೆರೆಸಿ ಎಂದಳು.

ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ 'ಸೂಪರ್‌ಫುಡ್' ಎಂದಿತ್ತು. ಒಂದು ಚಮಚ ಎಂದರೆ ಅಡೊಯೋಳ ಲೆಕ್ಕದಲ್ಲಿ ಎರಡು. ಬೆಳಗಿನ ರಾಗಿ ಅಂಬಲಿ ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿತು. ಅಲಸಂದೆ ಹಸಿರಾಯಿತು. ಒಣ ಒಮೇನಾ ಮೀನನ್ನು ತಲೆ ಸಮೇತ ಕುಟ್ಟಿ ಅದನ್ನೂ ಸಾರಿಗೆ ಹಾಕಿದಳು. ಮೂರನೆಯ ದಿನ ಗಂಡ ಒಂಡಿತಿ ತಟ್ಟೆಯನ್ನು ದೂರ ಹಿಡಿದು ನೋಡಿದ.

"ಇದೇನು, ಮೇಕೆಗೆ ಇಟ್ಟಿದ್ದು ತಪ್ಪಿ ನನಗೆ ಬಂತಾ?"

"ಸುಮ್ನೆ ತಿನ್ನಿ. ಬೇರೆ ಬೇರೆ ಪಾತ್ರೆ ಇಡೋಕೆ ನನಗೇನು ಹತ್ತು ಕೈಯಿದೆಯಾ?"

"ಬಸುರಿ ಅವಳು. ನಾನಲ್ಲ."

"ನಿಮಗೂ ರಕ್ತ ಬೇಕಾಗುತ್ತೆ, ತಿನ್ನಿ."

"ಕಿಸುಮು ಪೇಟೇಲಿ ಇಂಡಿಯಾದ ಅಂಗಡಿಯವರು ಈ ಮರದ ಕಾಯಿ ಬೇಯಿಸಿಕೊಂಡು ತಿಂತಾರೆ. ಎಲೇನ ಪುಡಿ ಮಾಡಿ ನಮ್ಮ ತಲೆಗೆ ಕಟ್ಟಿದ್ದಾರೆ ನೋಡು," ಎಂದು ಗೊಣಗಿಕೊಂಡೇ ಅವನು ತಿಂದ.

ನೆರಿಯಾ ಗೊಣಗುತ್ತಿರಲಿಲ್ಲ. ಅದೇ ಅಡೊಯೋಳಿಗೆ ಇನ್ನಷ್ಟು ರೇಗುತ್ತಿತ್ತು. ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಕೊನೆಯ ತುತ್ತು ಇಳಿಯುವವರೆಗೆ ಅವಳ ಗಂಟಲನ್ನೇ ನೋಡುತ್ತಿದ್ದಳು. ಸೊಸೆ ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದಳು, ಬಚ್ಚಲಿಗೆ ಹೋಗಿ ಒಂದಷ್ಟು ಕಕ್ಕುತ್ತಿದ್ದಳು, ಬಂದು ಮತ್ತೆ ಕೂರುತ್ತಿದ್ದಳು. "ಅಲೆಗೋ ಸೀಮೆಯವಳೇ, ನಿನ್ನ ತವರಲ್ಲಿ ಹೊಟ್ಟೆಯೊಳಗೆ ಜಾಗ ಇಟ್ಟು ಕಳಿಸ್ಲಿಲ್ವಾ?" ಎಂದರೆ ತಟ್ಟೆ ಎತ್ತಿಕೊಂಡು ತೊಳೆಯಲು ಹೋಗುತ್ತಿದ್ದಳು. ಮಗ ಒಬುರಾ ವ್ಯಾನು ಓಡಿಸಿಕೊಂಡು ವಾರಕ್ಕೊಮ್ಮೆ ಮನೆಗೆ ಬರುವವನು. ಬಂದಾಗ ಹೆಂಡತಿಯ ಬಿಳುಚಿದ ಅಂಗೈ ನೋಡಿ ತಾಯಿಯ ಮುಖ ನೋಡುತ್ತಿದ್ದ. ಆ ನೋಟಕ್ಕಿಂತ ಅವನು ಜಗಳವಾಡಿದ್ದರೇ ವಾಸಿಯಿತ್ತು.

ಮುಂದಿನ ಸಲ ಏಳು ಪಾಯಿಂಟ್ ಒಂದು ಬಂತು. ಏಳಕ್ಕಿಂತ ಕೆಳಗೆ ಹೋದರೆ ದೊಡ್ಡಾಸ್ಪತ್ರೆಗೆ ಸೇರಿಸಿ ರಕ್ತ ಹಾಕಿಸಬೇಕು, ಸಿಕ್ಕರೆ, ಎಂದಳು ನೆಕೇಸಾ.

ಆ ಶನಿವಾರ ಅಡೊಯೋ ಇನ್ನೊಂದು ಪೊಟ್ಟಣಕ್ಕೆಂದು ಸಂತೆಗೆ ಹೋದಳು. ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಮಣ್ಣುಗಡ್ಡೆ ಮಾರುವ ಅಪೊಂಡಿ ಅವಳನ್ನು ಕಂಡು ಕೈಬೀಸಿದಳು. ಬಸುರಿಯರು ಬಯಸಿ ತಿನ್ನುವ ಬೂದುಬಣ್ಣದ ಮೆದುಗಡ್ಡೆ ಅದು; ಒದೋವಾ ಎನ್ನುತ್ತಾರೆ.

"ಒಬುರಾನ ಅಮ್ಮ, ನಿನ್ನ ಸೊಸೆಗೆ ಹೇಳು, ಗುಡ್ಡದ ಕಡೆಯಿಂದ ಹೊಸದು ಬಂದಿದೆ. ಹೋದ್ಸಲದ್ದು ಮರಳು ಮರಳು ಅಂತಿದ್ಲು ಪಾಪ. ಇದು ಬೆಣ್ಣೆ ಹಾಗಿದೆ."

ಅಡೊಯೋ ಗೋಣಿಚೀಲದ ಹತ್ತಿರಕ್ಕೆ ಬಂದಳು. "ಯಾರ ಸೊಸೆ?"

"ನಿನಗೆಷ್ಟು ಜನ ಸೊಸೆಯರು?" ಎಂದ ಅಪೊಂಡಿ, ಅವಳ ಮುಖ ನೋಡಿ ಗಡ್ಡೆಗಳನ್ನು ಸುಮ್ಮನೆ ಸರಿಮಾಡತೊಡಗಿದಳು.

ಪುಡಿ ಕೊಳ್ಳದೆ ಅವಳು ಮನೆಗೆ ಬಂದಳು. ನೆರಿಯಾ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದಳು. ಅಡೊಯೋ ನೇರ ಕೋಣೆಗೆ ನುಗ್ಗಿ ಹಾಸಿಗೆ ಎತ್ತಿದಳು, ಪೆಟ್ಟಿಗೆ ತೆಗೆದಳು. ಸತ್ತ ಮಗುವಿಗೆಂದು ತಂದು ಉಳಿದಿದ್ದ ಬಟ್ಟೆಗಳ ನಡುವೆ ಸಣ್ಣ ಗಂಟೊಂದಿತ್ತು. ಬಿಚ್ಚಿದರೆ ಹಲ್ಲಿನ ಗುರುತಿದ್ದ ಗಡ್ಡೆಗಳು.

"ಇದೇನೇ?" ಗಂಟನ್ನು ಸೊಸೆಯ ಮಡಿಲಿಗೆ ಎಸೆದಳು. "ಒಂದೊಂದು ಎಲೆ ಆರಿಸಿ, ಮೀನು ಕುಟ್ಟಿ, ಊರವರ ಊಟ ಬಿಟ್ಟು ನಿನಗೆ ಬೇಯಿಸಿ ಹಾಕಿದ್ನಲ್ಲ. ಅದರ ಮೇಲೆ ಇದನ್ನ ಮೆತ್ತಿದ್ಯಾ? ಮತ್ತೆ ಹೆಣ ಹೊರಿಸ್ಬೇಕು ಅಂತಿದ್ದೀಯಾ ನಮ್ಮ ಕೈಲಿ?"

ನೆರಿಯಾ ಗಂಟನ್ನು ಮುಟ್ಟಲಿಲ್ಲ. "ಬಿಡೋಕಾಗ್ತಿಲ್ಲ ಅತ್ತೆ," ಎಂದಳು. "ಬಿಡ್ತೀನಿ ಅಂದ್ಕೊಂಡು ಎರಡ್ಸಲ ಸರೋವರಕ್ಕೆ ಎಸೆದೆ. ನಾಲಿಗೆ ಕೇಳೋದಿಲ್ಲ. ನಿಮ್ಮ ಊಟ ಎಷ್ಟು ತಿಂದ್ರೂ ಇದೇ ಬೇಕು ಅನ್ಸುತ್ತೆ."

"ಸಿಸ್ಟರ್ ಹತ್ರ ಬಾಯಿ ಬಿಡೋಕೇನಾಗಿತ್ತು? ಪ್ರತಿಸಲ ಕೇಳ್ತಾಳಲ್ಲ ಅವಳು."

"ಕೇಳ್ತಾರೆ," ಎಂದಳು ನೆರಿಯಾ. "ನೀವು ಹೇಳ್ತೀರಿ."

ಒಲೆಯ ಮೇಲೆ ಉಕ್ಕುತ್ತಿದ್ದ ಪಾತ್ರೆಯ ನೆನಪಾದವಳಂತೆ ಅಡೊಯೋ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅಲ್ಲೇ ಬೂದಿಯ ಮುಂದೆ ಕುಕ್ಕರಿಸಿ ಕೂತು, ಸಿಟ್ಟನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯದೆ, ಒಂಡಿತಿ ಬಂದು ಊಟ ಕೇಳಿದಾಗ ಅವನ ಮೇಲೆ ಹಾರಾಡಿದಳು.

ಸೋಮವಾರ ಆಸ್ಪತ್ರೆಯಲ್ಲಿ ನೆರಿಯಾಳ ಹೆಸರು ಕರೆದಾಗ ಅಡೊಯೋ ಎದ್ದು ನಿಂತು, ಮತ್ತೆ ಬೆಂಚಿನ ಮೇಲೆ ಕೂತಳು. "ನೀನು ಹೋಗು. ನನ್ನ ಮೊಣಕಾಲು ನೋಯ್ತಿದೆ," ಎಂದಳು. ಬಾಗಿಲು ಮುಚ್ಚಿತು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ, ದನಿ ಮಾತ್ರ. ನೆಕೇಸಾಳದು ಸ್ವಲ್ಪ, ನೆರಿಯಾಳದು ಬಹಳ. ಅಷ್ಟು ಹೊತ್ತು ಅವಳು ಮಾತಾಡಿದ್ದನ್ನು ಅಡೊಯೋ ಆ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ.

ಹೊರಗೆ ಬಂದ ನೆಕೇಸಾ ಬೈಯಲಿಲ್ಲ. "ನಿಮ್ಮ ಮೀನು, ಸೊಪ್ಪು ಎಲ್ಲ ಸರಿಯಾಗೇ ಇದೆ ಅಮ್ಮ. ಅದರ ಸತ್ವಾನ ಹೊಟ್ಟೆಯಲ್ಲೇ ಆ ಮಣ್ಣು ಹಿಡಿದಿಟ್ಕೊಳ್ಳುತ್ತೆ. ಒಂದೇ ಸಲ ಬಿಡೋಕಾಗಲ್ಲ ಅವಳಿಗೆ. ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾಳೆ. ಪುಡಿ ಅವಳಿಗೆ ಬೇಡದಿದ್ರೆ ಬೇಡ. ಗುಳಿಗೆ ಮಾತ್ರ ತಪ್ಪಿಸಬೇಡಿ."

"ಬೇಡದಿದ್ರೆ ಬೇಡ," ಎಂದಳು ಅಡೊಯೋ ಹಲ್ಲು ಕಚ್ಚಿ. ಮನೆಯಲ್ಲಿ ಇನ್ನೂ ಅರ್ಧ ಪೊಟ್ಟಣವಿತ್ತು. ಅದನ್ನು ವಾರವಿಡೀ ಒಂಡಿತಿಯೇ ತಿಂದ.

ಎರಡು ವಾರಕ್ಕೆ ಏಳು ಪಾಯಿಂಟ್ ಆರು. ಇನ್ನೊಂದು ತಿಂಗಳಿಗೆ ಎಂಟು ಪಾಯಿಂಟ್ ಎಂಟು. ಸಾಲದು, ಆದರೆ ದಾರಿಗೆ ಬಂದಿದೆ, ಹೆರಿಗೆ ಮಾತ್ರ ದೊಡ್ಡಾಸ್ಪತ್ರೆಯಲ್ಲೇ ಆಗಲಿ ಎಂದಳು ನೆಕೇಸಾ. ಆ ದಿನ ಅತ್ತೆ ಸೊಸೆ ನಡೆದು ಮನೆಗೆ ಹೊರಟರು. ಮೂರು ತಿಂಗಳಿಂದ ಹನಿ ಬಿದ್ದಿರಲಿಲ್ಲ. ದಾರಿಯ ದೂಳು ಕಣಕಾಲಿನವರೆಗೆ ಬರುತ್ತಿತ್ತು. ಸರೋವರದ ಕಡೆಯಿಂದ ಕಪ್ಪಗೆ ಮೋಡವೆದ್ದು, ಅವರು ಜೋಳದ ಹೊಲ ದಾಟುವಷ್ಟರಲ್ಲಿ ದಪ್ಪ ಹನಿಗಳು ಒಂದೊಂದಾಗಿ ಬಿದ್ದವು.

ಒಣನೆಲ ಬಾಯ್ತೆರೆದು ಘಮ್ಮೆಂದಿತು. ನೆರಿಯಾ ನಡೆಯುತ್ತಿದ್ದವಳು ನಿಂತಳು. ಅವಳ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಅಡೊಯೋ ಅದನ್ನು ನೋಡಿದಳು. ಬೈಯಲು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಬುರಾನನ್ನು ಹೊತ್ತಿದ್ದ ದಿನಗಳಲ್ಲಿ ಕಣಜದ ಹಿಂದೆ ನಿಂತು ಮಣ್ಣಿನ ಗೋಡೆ ಕೆರೆದು ತಿನ್ನುತ್ತಿದ್ದ ಅವಳ ಬಾಯೊಳಗೂ, ಮೂವತ್ತು ವರ್ಷದ ಮೇಲೆ, ನೀರು ತುಂಬಿಕೊಂಡಿತ್ತು.

ಅವಳು ಅದನ್ನು ನುಂಗಿದಳು. ಹೆಗಲ ವಸ್ತ್ರವನ್ನು ಬಿಚ್ಚಿ ಒಂದು ತುದಿಯನ್ನು ಸೊಸೆಯ ತಲೆಯ ಮೇಲೆ ಹಾಕಿ, ಇನ್ನೊಂದನ್ನು ತಾನು ಹೊದ್ದುಕೊಂಡಳು. ಇಬ್ಬರೂ ಒಂದೇ ಬಟ್ಟೆಯಡಿಯಲ್ಲಿ, ಉಸಿರು ಬಿಗಿಹಿಡಿದು, ಬೇಗ ಬೇಗ ನಡೆದರು.