ಸೋಮಾರಿ

ಚಿಕ್ಕಪ್ಪ ಸಿಕ್ಕಾಗಲೆಲ್ಲ ಮನೆಗೊಂದು ಪ್ಲಾನ್ ಹಾಕಿಕೊಡು ಎಂದು ಪ್ರಾಣ ತಿನ್ನುತ್ತಾರೆ. ನಾನು ಮನೆ ಕಟ್ಟಿಸುವ ಆರ್ಕಿಟೆಕ್ಟ್ ಅಲ್ಲ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ. ಪೊಲೀಸರ ವಶದಲ್ಲಿ ಯಾರಾದರೂ ಸತ್ತರೆ, ಫೋಟೊ ವಿಡಿಯೊಗಳನ್ನು ನೋಡಿ ಆ ಜಾಗವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವುದು ನಮ್ಮ ಕೆಲಸ. ಅವರು ಹೇಳಿದ ಕತೆ ಆ ಗೋಡೆಗಳ ನಡುವೆ ನಡೆಯಲು ಸಾಧ್ಯವೇ ಎಂದು ನೋಡುತ್ತೇವೆ.

ಈ ಸಲ ಸತ್ತವನು ಒಬ್ಬ ಬಸ್ ಡ್ರೈವರ್ ಮಗ. ಠಾಣೆಯ ಮೇಲಿನ ಮಹಡಿಯ ಕಿಟಕಿಯಿಂದ ತಾನೇ ಹಾರಿದ ಎಂದು ಪೊಲೀಸರು ಬರೆದಿದ್ದರು. ಓಣಿಯವರೂ ಅದನ್ನೇ ನಂಬಿ, ತಪ್ಪಿಲ್ಲದವನು ಯಾಕೆ ಹಾರುತ್ತಾನೆ ಎಂದು ಆಡಿಕೊಂಡು, ಹುಡುಗನ ತಾಯಿ ಹೊಸ್ತಿಲು ದಾಟದ ಹಾಗೆ ಮಾಡಿದ್ದರು. ಮಾನವ ಹಕ್ಕುಗಳ ಆಯೋಗದ ಮುಂದೆ ನಾವು ಸತ್ಯ ತೋರಿಸಬೇಕಿದ್ದ ದಿನದ ಹಿಂದಿನ ದಿನ ಅದು.

ಹುಡುಗನ ಎತ್ತರ, ತೂಕ ಕೊಟ್ಟು ಕಂಪ್ಯೂಟರಿನಲ್ಲಿ ಎರಡು ಗೊಂಬೆ ಮಾಡಿದ್ದೆವು. ಒಂದು, ಕಿಟಕಿಯ ಅಂಚನ್ನು ಒದ್ದು ಹೊರಗೆ ಹಾರುತ್ತಿತ್ತು. ಇನ್ನೊಂದಕ್ಕೆ ಪ್ರಜ್ಞೆಯಿಲ್ಲ, ಯಾರೋ ಎತ್ತಿ ಕೈಬಿಟ್ಟಂತೆ ಸುಮ್ಮನೆ ಜಾರುತ್ತಿತ್ತು. ನನ್ನ ಜೊತೆಯವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುವುದು. ಅವನು ಮೊದಲನೆಯದಕ್ಕೆ ಚುರುಕ ಎಂದು ಹೆಸರಿಟ್ಟ. ಕೈಕಾಲು ಆಡಿಸದ ಎರಡನೆಯದಕ್ಕೆ ನಾನು ಸೋಮಾರಿ ಎಂದೆ. ವಾರಗಟ್ಟಲೆ ಹೆಣದ ಫೋಟೊ ನೋಡುತ್ತ ಕೂರುವವರಿಗೆ ಇಂಥ ತಮಾಷೆ ಬಾಯಿಗೆ ಹತ್ತಿಬಿಡುತ್ತದೆ.

ಚುರುಕ ಎಷ್ಟು ಸಲ ಹಾರಿದರೂ ದೂರ ಹೋಗಿ ಬೀಳುತ್ತಿದ್ದ. ಫೋಟೊದಲ್ಲಿ ಮಾತ್ರ ದೇಹ ಗೋಡೆಯ ಬುಡದಲ್ಲೇ ಇತ್ತು.

"ಈಗ ಸೋಮಾರೀನ ಬೀಳ್ಸಪ್ಪ, ನೋಡೋಣ," ಎಂದೆ.

ಗೊಂಬೆ ಗೋಡೆಯ ಬುಡಕ್ಕೆ, ಫೋಟೊದ ಗುರುತಿನ ಮೇಲೇ ಬಂದು ಬಿತ್ತು. ನಾನು ಮೇಜು ಕುಟ್ಟಿದೆ.

"ಭೇಷ್ ಸೋಮಾರಿ, ಎಷ್ಟ್ ಚೆನ್ನಾಗ್ ಬಿದ್ಯೋ. ಇನ್ನೊಂದ್ ಸಲ ಬೀಳ್ಸು."

ಕನ್ನಡಕ ನಗುತ್ತ ಕುರ್ಚಿ ತಿರುಗಿಸಿದವನು ಬಾಗಿಲ ಕಡೆ ನೋಡಿ ಹಾಗೇ ಕೂತ. ನಾನೂ ತಿರುಗಿದೆ. ಸಂಜೆ ಬರುತ್ತೇನೆಂದಿದ್ದ ಹುಡುಗನ ತಂದೆ, ಡ್ರೈವರ್ ಖಾಕಿ ಅಂಗಿಯಲ್ಲೇ ಬಂದು, ಕಳಚಿದ ಚಪ್ಪಲಿಯ ಪಕ್ಕದಲ್ಲಿ ನಿಂತಿದ್ದರು.

"ಡ್ಯೂಟಿ ಬೇಗ ಮುಗೀತು," ಎಂದರು. "ಬಾಗ್ಲು ತೆಗ್ದೇ ಇತ್ತು."

ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನಿಸಿತು. ಬೇರೆಯವರ ಒಂದು ಮಾತನ್ನೂ ಸಹಿಸದೆ ಜಗಳಕ್ಕೆ ನಿಲ್ಲುವವಳು ನಾನು. ಅವರ ಮುಖ ನೋಡಲಾಗದೆ ಕುರ್ಚಿ ಎಳೆದುಕೊಟ್ಟೆ. ಅವರು ಕೂರಲಿಲ್ಲ.

"ಸೋಮಾರಿ ಅಂದ್ರಲ್ಲಮ್ಮ, ಅದು ಅವನೇನಾ?"

"ತಪ್ಪಾಯ್ತು ಸರ್. ಕೈಕಾಲು ಆಡ್ಸಲ್ಲ ಅಂತ ಗೊಂಬೆಗೆ ಇಟ್ಟ ಹೆಸ್ರು ಅದು. ನಿಮ್ ಮಗ ಹಾರ್ಲಿಲ್ಲ ಸರ್. ಬೀಳೋಕ್ ಮುಂಚೇನೇ ಅವ್ನಿಗೆ ಎಚ್ಚರ ಇರ್ಲಿಲ್ಲ. ಯಾರೋ ಎತ್ತಿ ಹಾಕಿದಾರೆ."

ಇದೇ ಮಾತಿಗೆ ಈಗಷ್ಟೇ ಮೇಜು ಕುಟ್ಟಿದ್ದೆ.

ಅವರು ಪರದೆಯ ಹತ್ತಿರ ಬಂದು, ಬಿದ್ದಿದ್ದ ಗೊಂಬೆಯನ್ನು ನೋಡಿದರು. ಅದಕ್ಕೆ ಮುಖವಿರಲಿಲ್ಲ, ಬರೀ ಬೂದು ಬಣ್ಣ.

"ಹಾರ್ಲಿಲ್ಲ ಅಲ್ವಾ," ಎಂದರು. "ಅವ್ರಮ್ಮ ಮೊದಲಿಂದ್ಲೂ ಅದನ್ನೇ ಹೇಳ್ತಿದ್ಳು."

"ಹೆಸ್ರು ಈಗ್ಲೇ ಅಳಿಸ್ತೀನಿ," ಎಂದ ಕನ್ನಡಕ. ಅವನ ಬೆರಳು ತಪ್ಪು ಗುಂಡಿ ಒತ್ತಿ ಗೊಂಬೆ ಮತ್ತೆ ಬಿತ್ತು.

ಅವರು ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಬೈಯಲಿಲ್ಲ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

"ಆವತ್ತು ಮಗನ್ನ ಕಳ್ಸಿ ಅಂತ ಸ್ಟೇಷನ್ನಿಂದ ಫೋನ್ ಬಂದಾಗ ಅವನಿನ್ನೂ ಮಲಗಿದ್ದ. ಎಬ್ಬಿಸ್ಬೇಡಿ, ಆಮೇಲ್ ಹೋಗ್ಲಿ ಅಂದ್ಳು ಇವ್ಳು. ತಪ್ಪೇ ಮಾಡ್ದೇ ಇರೋನಿಗೆ ಭಯ ಯಾಕೆ ಅಂತ ನಾನೇ ಹೊದಿಕೆ ಎಳ್ದೆ. ಏಳೋ ಸೋಮಾರಿ ಅಂದೆ."

ಹೋಗಿ ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ತಿರುಗಿದರು.

"ನಾಳೆ ಅಲ್ಲಿ ಆ ಹೆಸ್ರು ಹೇಳ್ಬೇಡಿ ತಾಯಿ. ಅವ್ಳೂ ಬರ್ತಾಳೆ. ಆ ಮಾತು ಅವ್ಳು ನನ್ನ ಬಾಯಲ್ಲಿ ಕೇಳಿದ್ದೇ ಸಾಕು."