ಲಾರಿಯ ಹೊಟ್ಟೆಗೆ ಮದ್ದು

ಡೀಸೆಲ್‌ಗೆ ಕೊಳೆ ಕರಗಿಸುವ ಮದ್ದು ಬೆರೆಸಬೇಕೋ ಬೇಡವೋ ಎಂಬ ಜಗಳ ಆ ಮನೆಯಲ್ಲಿ ವಾರವಿಡೀ ನಡೆಯಿತು. ಮನೆ ಎಂದರೆ ಮೂರೇ ಜನ. ಲಾರಿ ಓಡಿಸುವ ಅಳಿಯ, ಬಟ್ಟೆ ಹೊಲಿಯುವ ಅವನ ಹೆಂಡತಿ, ಹಿಂದೆ ಅದೇ ಲಾರಿಯನ್ನು ಓಡಿಸಿ ಈಗ ಕಣ್ಣು ಮಂಜಾಗಿ ಮನೆಯಲ್ಲಿ ಕೂತ ಮಾವ. ಮಾತು ಮಾತ್ರ ಮೂವತ್ತು ಜನರಷ್ಟು.

ಜಗಳಕ್ಕೆ ಕಾರಣವಿತ್ತು. ಅಳಿಯನಿಗೆ ಹೆದ್ದಾರಿಯಲ್ಲಿ ಯಾವತ್ತೂ ಏನೂ ಆಗಿರಲಿಲ್ಲ. ಅಂಥವನು ಸ್ವಂತ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡ. ಅವನು ಮಂಚ ಹಿಡಿದಷ್ಟೂ ತಿಂಗಳು ಲಾರಿ ಅಂಗಳದಲ್ಲೇ ನಿಂತಿತ್ತು. ಅರೆ ತುಂಬಿದ ಟ್ಯಾಂಕಿನಲ್ಲಿ ನೀರಿನ ಪಸೆ ಸೇರಿ ಒಳಗೆಲ್ಲ ಕಪ್ಪು ಲೋಳೆ ಕಟ್ಟಿತ್ತು. ಈಗ ಮೊದಲ ಬಾಡಿಗೆ ಬಂದಿದೆ. ಆಗಷ್ಟೇ ಮೊಟ್ಟೆಯೊಡೆದು ಬಂದ ಕೋಳಿಮರಿಗಳನ್ನು ಬಿಸಿಲೇರುವ ಮೊದಲು ಗುಡ್ಡದಾಚೆಯ ಫಾರಂಗೆ ಮುಟ್ಟಿಸಬೇಕು. ನಡುದಾರಿಯಲ್ಲಿ ಲಾರಿ ನಿಂತರೆ ಮರಿಗಳು ಸೆಕೆಗೆ ಸಾಯುತ್ತವೆ. ಮರಿ ಸತ್ತರೆ ಆ ಜನ ಮತ್ತೆ ಕರೆಯುವುದಿಲ್ಲ. 'ಕುಂಟ ಡ್ರೈವರ್, ಕೆಟ್ಟ ಲಾರಿ' ಎಂಬ ಹೆಸರು ಒಮ್ಮೆ ಅಂಟಿದರೆ ತೊಳೆದರೂ ಹೋಗುವಂಥದ್ದಲ್ಲ.

ಗ್ಯಾರೇಜಿನ ಮೇಸ್ತ್ರಿ ಬಂದು ಟ್ಯಾಂಕಿನ ತಳದ ನಟ್ಟು ಬಿಚ್ಚಿ ಹಳೆಯ ಡೀಸೆಲ್ ಇಳಿಸಿದ. ಹೊಸ ಫಿಲ್ಟರ್ ಕೂರಿಸಿ ಕೈ ಒರೆಸಿಕೊಂಡ.

"ಬಾಟಲಿ ಗೀಟಲಿ ಏನೂ ಸುರೀಬೇಡಿ. ಟ್ಯಾಂಕಿನ ಗೋಡೆಗೆ ಅಂಟಿರೋ ಕೊಳೆ ತನ್ನ ಪಾಡಿಗೆ ತಾನು ಮಲಗಿದೆ. ಮದ್ದು ಹಾಕಿದ್ರೆ ಅದೆಲ್ಲ ಕರಗಿ ಎದ್ದು ಬಂದು ಫಿಲ್ಟರಿಗೆ ಹೊಡಿಯುತ್ತೆ. ಬಿಡುವಾದಾಗ ಟ್ಯಾಂಕ್ ಇಳಿಸಿ ತೊಳೆಯೋಣ."

"ನಮ್ಮ ಕಾಲದಲ್ಲಿ ಹಾಕ್ತಿದ್ವಪ್ಪ," ಎಂದು ಮಾವ ಗೊಣಗಿದರು. "ಇಂಜಿನ್ ಬೆಣ್ಣೆ ಹಾಗೆ ಓಡ್ತಿತ್ತು."

"ನಿಮ್ಮ ಕಾಲದಲ್ಲಿ ನೀವು ಪಂಚೆ ಉಟ್ಕೊಂಡು ಗೇರ್ ಹಾಕ್ತಿದ್ರಿ. ಈಗ್ಲೂ ಹಾಗೇ ಮಾಡೋಣ್ವಾ ಅಪ್ಪಾ?" ಎಂದಳು ಮಗಳು.

ಕೊನೆಗೆ ಅಳಿಯ ಯಜಮಾನನ ಗತ್ತಿನಲ್ಲಿ ತೀರ್ಪು ಕೊಟ್ಟ. ಮದ್ದು ಬೇಡ. ಮೂವರೂ ತಲೆಯಾಡಿಸಿದರು. ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ಒಂದು ಗಳಿಗೆ ನೋಡಿ, ಸಾಮಾನಿನ ಚೀಲ ಎತ್ತಿಕೊಂಡು ಲಾರಿಯ ಕಡೆ ಹೋದ.

ತೀರ್ಪು ಕೊಟ್ಟವನಿಗೇ ಅದರ ಮೇಲೆ ನಂಬಿಕೆಯಿರಲಿಲ್ಲ. ಹೊರಡುವ ಹಿಂದಿನ ದಿನ ಸಂಜೆ ಚಕ್ರದ ಗಾಳಿ ನೋಡುವ ನೆಪ ಮಾಡಿ ಲಾರಿಯ ಮಗ್ಗುಲಿಗೆ ಹೋದ. ಜೇಬಿನಿಂದ ಬಾಟಲಿ ತೆಗೆದು ಟ್ಯಾಂಕಿಗೆ ಸುರಿದೇಬಿಟ್ಟ. ಮುಚ್ಚಳ ಸಡಿಲವಾದ್ದರಿಂದ ಅದಕ್ಕೆ ಯಾವಾಗಲೂ ಒಂದು ಬಟ್ಟೆ ಕಟ್ಟುತ್ತಿದ್ದರು. ಅದನ್ನೂ ಮೊದಲಿನಂತೆ ಕಟ್ಟಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆಯಿತು ಅವನ ಕೆಲಸ.

ಬೆಳಿಗ್ಗೆ ಹೆಂಡತಿ ತಾನೂ ಬರುತ್ತೇನೆಂದು ಹತ್ತಿ ಕೂತಳು. "ಕಾಲು ನೋವು ಬಂದ್ರೆ ಯಾರು ನೋಡ್ಕೋತಾರೆ?" ಎಂದಳಷ್ಟೇ. ಅವನು ಮಲಗಿದ್ದಷ್ಟು ತಿಂಗಳೂ ಹೊಲಿಗೆ ಯಂತ್ರ ತುಳಿದು ಮನೆ ನಡೆಸಿದವಳು ಅವಳೇ. ಅದಕ್ಕೆ ಏನಾದರೂ ಹೇಳಬೇಕು ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಬಾಯಿಗೆ ಬರುವಷ್ಟರಲ್ಲಿ ಅದು 'ನೀರು ಕೊಡು' ಎಂದಾಗುತ್ತಿತ್ತು.

ಸಪಾಟು ರಸ್ತೆಯಲ್ಲಿ ಲಾರಿ ಚೆನ್ನಾಗಿಯೇ ಓಡಿತು. ಹಿಂದಿನ ಪೆಟ್ಟಿಗೆಗಳಿಂದ ಚಿಂವ್ ಚಿಂವ್ ಕೇಳುತ್ತಿತ್ತು. ಗುಡ್ಡದ ಏರು ಶುರುವಾಗಿ ಎರಡು ತಿರುವು ದಾಟಿದ ಮೇಲೆ ಇಂಜಿನ್ನಿನ ಎಳೆತ ಕುಗ್ಗಿತು. ಎಷ್ಟು ತುಳಿದರೂ ಉಸಿರು ಸಾಲದವರಂತೆ ಮುಗ್ಗರಿಸಿ, ಪಕ್ಕಕ್ಕೆ ತರುವಷ್ಟರಲ್ಲಿ ನಿಂತೇಹೋಯಿತು. ತಪ್ಪು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೆಂಡತಿ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಹೋಗಿ ಗಾಳಿಯಾಡಲೆಂದು ಟಾರ್ಪಾಲು ಬಿಚ್ಚತೊಡಗಿದಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅವನು ಮೇಸ್ತ್ರಿಗೆ ಫೋನ್ ಮಾಡಿದ.

"ಮೇಸ್ತ್ರಿ, ಏರಲ್ಲಿ ನಿಂತುಬಿಡ್ತು. ಎಳೀತಾನೇ ಇಲ್ಲ."

"ಎಷ್ಟು ಬಾಟಲಿ ಹಾಕಿದ್ರಿ?"

"ಯಾವ ಬಾಟಲಿ?"

"ನನ್ನ ಹತ್ರ ನಾಟಕ ಬೇಡ. ಎಷ್ಟು ಅಂತ ಹೇಳು, ಆಮೇಲೆ ಏನು ಮಾಡ್ಬೇಕು ಅಂತ ನಾನು ಹೇಳ್ತೀನಿ."

ಅಷ್ಟರಲ್ಲಿ ಹೆಂಡತಿ ಪಕ್ಕಕ್ಕೆ ಬಂದು ನಿಂತಿದ್ದಳು. ಫೋನಿನಿಂದ ಮೇಸ್ತ್ರಿಯ ಗಂಟಲು ಅರ್ಧ ಗುಡ್ಡಕ್ಕೆ ಕೇಳುತ್ತಿತ್ತು. ಅವನು ನೆಲ ನೋಡುತ್ತ, "ಒಂದು," ಎಂದ.

"ಎರಡು ಮೇಸ್ತ್ರಿ," ಎಂದಳು ಹೆಂಡತಿ.

ಅವನು ತಿರುಗಿ ನೋಡಿದ. ಅವಳು ಸೆರಗಿನ ತುದಿ ಕಚ್ಚಿಕೊಂಡಿದ್ದಳು. "ಮೊನ್ನೆ ನೀವು ಸ್ನಾನಕ್ಕೆ ಹೋದಾಗ. ನನಗೆ ಭಯ ಆಯ್ತು ರೀ. ಮತ್ತೆ ಮನೇಲಿ ಕೂತ್ಕೋಬೇಕಾದ್ರೆ ನೀವು ತಡ್ಕೊಳಲ್ಲ ಅನ್ನಿಸ್ತು."

"ನಿಮ್ಮ ಮಾವನ್ನ ಲೆಕ್ಕಕ್ಕೆ ಸೇರಿಸಿದ್ರಾ?" ಎಂದಿತು ಫೋನು. "ಅವರು ಸುಮ್ನಿರೋ ಆಸಾಮೀನಾ? ಹೋಗಿ ಟ್ಯಾಂಕ್ ನೋಡಿ."

ಇಬ್ಬರೂ ಹೋಗಿ ನೋಡಿದರು. ಮುಚ್ಚಳದ ಬಟ್ಟೆ ಅವನು ಕಟ್ಟಿದ ಹಾಗಿರಲಿಲ್ಲ. ಎಂಥ ಹೊರೆಯಿದ್ದರೂ ಜಾರದ, ಒಂದೆಳೆ ಜಗ್ಗಿದರೆ ಮಾತ್ರ ಬಿಚ್ಚುವ ಹಳೆಯ ಲೋಡಿನ ಗಂಟು. ಅವನಿಗೆ ಲಾರಿ ಕಲಿಸುವಾಗ ಮಾವ ಮೊದಲು ಕಲಿಸಲು ನೋಡಿದ್ದೇ ಅದನ್ನು. ಅವನಿಗೆ ಇವತ್ತಿಗೂ ಅದು ಸರಿಯಾಗಿ ಬಂದಿಲ್ಲ.

"ಮೂರು," ಎಂದ ಅವನು, ಸಣ್ಣ ದನಿಯಲ್ಲಿ.

ಮೇಸ್ತ್ರಿ ನಕ್ಕ ನಗುವಿಗೆ ಫೋನು ಗೊರಗುಟ್ಟಿತು. "ಅತಿಯಾದ್ರೆ ಅಮೃತಾನೂ ವಿಷ ಅಂತಾರೆ, ನೀವು ಅಮೃತದ ಹೊಳೇನೇ ಹರಿಸಿದೀರಿ. ಸೀಟಿನ ಹಿಂದೆ ಹಾಸಿಗೆ ಸುರುಳಿ ಇದೆಯಲ್ಲ, ಅದರೊಳಗೆ ಕೈ ಹಾಕು."

ಕೈ ಹಾಕಿದ. ಹಳೆಯ ಪೇಪರಿನಲ್ಲಿ ಸುತ್ತಿದ ಹೊಸ ಫಿಲ್ಟರುಗಳು, ಜೊತೆಗೆ ಫಿಲ್ಟರ್ ಬಿಚ್ಚುವ ಪಟ್ಟಿ.

"ಮೂರು ಇದಾವೆ ಮೇಸ್ತ್ರಿ!"

"ಮನೇಲಿ ಮೂರು ಜನ ಇದೀರಿ ಅಂತ ಮೂರು ಇಟ್ಟೆ. ನಿಮ್ಮ ಮುಖಗಳನ್ನ ನೋಡಿದ ದಿನವೇ ಗೊತ್ತಾಯ್ತು. ಬೇಗ ಹಾಕಿ, ಮರಿ ಕಾಯ್ತಾವೆ."

ಅವನ ಕಾಲು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಹೆಂಡತಿಯೇ ಲಾರಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಳು. ಅವನು ಮೇಲಿನಿಂದ ಹೇಳಿದಂತೆ ಹಳೆಯ ಫಿಲ್ಟರ್ ತಿರುಗಿಸಿ ತೆಗೆದಳು. ಕಪ್ಪು ಗಂಜಿಯಂಥದ್ದು ಅವಳ ಮೊಣಕೈವರೆಗೂ ಇಳಿಯಿತು. ಹೊಸದಕ್ಕೆ ಡೀಸೆಲ್ ತುಂಬಿ, ಸೂಜಿಗೆ ದಾರ ಪೋಣಿಸುವ ಜಾಗರೂಕತೆಯಲ್ಲಿ ಕೂರಿಸಿದಳು. ಆಮೇಲೆ ಪಕ್ಕದ ಕೈಪಂಪನ್ನು ಒತ್ತಿ ಒತ್ತಿ ಒಳಗಿನ ಗಾಳಿ ತೆಗೆದಳು. "ಸಾಕಾ?" "ಇನ್ನೊಂದಿಷ್ಟು." "ಕೈ ಬಿದ್ದುಹೋಯ್ತು ಕಣ್ರೀ." "ಬಿದ್ರೆ ಎತ್ಕೊಡ್ತೀನಿ, ಒತ್ತು."

ಕೀಲಿ ತಿರುಗಿಸಿದಾಗ ಇಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಮುಖದ ತುಂಬ ಮಸಿ ಮೆತ್ತಿಕೊಂಡು ಬಂದು ಕೂತ ಹೆಂಡತಿಯನ್ನು ನೋಡಿದಾಗ, ಈ ಸಲ ಮಾತು ದಾರಿ ತಪ್ಪಲಿಲ್ಲ.

"ನೀನಿಲ್ದೇ ಹೋಗಿದ್ರೆ ನಾನು ಮಂಚದಿಂದ ಏಳ್ತಾನೇ ಇರ್ಲಿಲ್ಲ ಕಣೇ. ಹೇಳ್ಬೇಕು ಅಂತಿದ್ದೆ."

"ಈಗ ಹೇಳಿದ್ರಲ್ಲ. ರಸ್ತೆ ನೋಡ್ಕೊಂಡು ಓಡಿಸಿ," ಎಂದವಳು ಕಿಟಕಿಯ ಕಡೆ ತಿರುಗಿ ಮಸಿಯ ಕೈಯಿಂದಲೇ ಕಣ್ಣೊರೆಸಿಕೊಂಡಳು.

ಗುಡ್ಡದ ನೆತ್ತಿಯಲ್ಲಿ ಇನ್ನೊಂದು ಫಿಲ್ಟರ್ ಕಟ್ಟಿಕೊಂಡಿತು. ಅದನ್ನೂ ಬದಲಿಸಿದರು. ಫಾರಂನಲ್ಲಿ ಪೆಟ್ಟಿಗೆಗಳ ಮುಚ್ಚಳ ತೆರೆದಾಗ ಮರಿಗಳೆಲ್ಲ ಕೊರಳೆತ್ತಿ ಕಿರುಚಿದವು. ಫಾರಂನವನು, "ನಾಡಿದ್ದು ಇನ್ನೊಂದು ಲೋಡಿದೆ, ಬರ್ತೀರಾ?" ಎಂದು ಕೇಳಿದ. ಮರಿಗಳ ಗದ್ದಲ ಅಳಿಯನ ಕಿವಿಗೆ ಯಾವತ್ತೂ ಅಷ್ಟು ಇಂಪಾಗಿ ಕೇಳಿರಲಿಲ್ಲ.

ಮನೆ ಮುಟ್ಟಿದಾಗ ಮಾವ ಗೇಟಿನ ಬಳಿಯೇ ಕುರ್ಚಿ ಹಾಕಿಕೊಂಡಿದ್ದರು.

"ಹೇಗೆ ಓಡ್ತು?"

"ಚೆನ್ನಾಗಿ ಓಡ್ತು ಮಾವ. ನಿಮ್ಮ ಮದ್ದಿಗೆ ಟ್ಯಾಂಕೆಲ್ಲ ತೊಳೆದುಹೋಯ್ತು."

"ಯಾವ ಮದ್ದು?" ಎಂದರು ಮಾವ, ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನಂತೆ. ಮಗಳು ಕಿಸಕ್ಕೆಂದಳು. ಆಗ ಮುದುಕ ತಲೆ ತಗ್ಗಿಸಿದರು. "ಇವತ್ತು ನೀನು ಸೋಲಬಾರದು ಅಂತ ಹಾಕಿದೆ ಕಣಪ್ಪ."

ಅಳಿಯ ಕೋಲೂರಿ ಅವರ ಪಕ್ಕದ ಮೆಟ್ಟಿಲ ಮೇಲೆ ಕೂತ. ಮಂಚದಲ್ಲಿದ್ದಾಗ ದಿನಾ ಬೆಳಿಗ್ಗೆ ಅಂಗಳದಲ್ಲಿ ಇಂಜಿನ್ ಹೊತ್ತಿಕೊಳ್ಳುತ್ತಿದ್ದುದು ಅವನಿಗೆ ನೆನಪಾಯಿತು. ಬ್ಯಾಟರಿ ಕೂರಬಾರದೆಂದು ಸ್ಟಾರ್ಟ್ ಮಾಡುತ್ತೇನೆ ಎನ್ನುತ್ತಿದ್ದರು ಮಾವ. ಆ ಸದ್ದು ಕೇಳಿದ ಮೇಲೇ ಅವನಿಗೆ ಕಾಲು ಅಲುಗಿಸುವ ಮನಸ್ಸಾಗುತ್ತಿತ್ತು.

"ಮಾವ, ಬ್ಯಾಟರಿ ತಂತಿ ಬಿಚ್ಚಿಟ್ಟಿದ್ರೆ ಸಾಕಾಗ್ತಿತ್ತಲ್ಲ? ದಿನಾ ಯಾಕೆ ಸ್ಟಾರ್ಟ್ ಮಾಡ್ತಿದ್ರಿ?"

ಮಾವ ಲಾರಿಯ ಕಡೆ ಮುಖ ತಿರುಗಿಸಿದರು. "ನಿನ್ನ ಕಿಟಕಿ ತೆರೆದಿರ್ತಿತ್ತಲ್ಲ," ಎಂದರು.

ಅವನು ಅವರ ಕೈ ಹಿಡಿದುಕೊಂಡ. ಆ ಕೈಯಲ್ಲಿ ಇನ್ನೂ ಡೀಸೆಲ್ ವಾಸನೆಯಿತ್ತು.